ರಸ್ತೆಗೆ ಹರವಿದ ರಾಗಿ

ಶಿಕ್ಷೆ ಹೇಳುವ ದಿನ ನಾನೂ ನಮ್ಮತ್ತೆಯೂ ಕಣಕಟ್ಟೆಯಿಂದ ಮೊದಲನೇ ಬಸ್ಸಿಗೆ ಅರಸೀಕೆರೆ ಕೋರ್ಟಿಗೆ ಹೊರಟೆವು. ನಮ್ಮ ಯಜಮಾನರು ತೀರಿಕೊಂಡು ಆಗ ಮೂರು ವರ್ಷ. ಅವರಿಗೆ ಗುದ್ದಿದ ಟೆಂಪೋ ಡ್ರೈವರಿಗೆ ಎಷ್ಟು ಜೈಲು ಆಗಬಹುದು ಎಂದು ಊರಿನವರೆಲ್ಲ ಕೇಳುತ್ತಿದ್ದರು. ನನಗೆ ಬೇಕಿದ್ದದ್ದು ಬೇರೆ. ಅವರು ಸತ್ತದ್ದು ನನ್ನಿಂದಲೋ ಅಲ್ಲವೋ ಎಂಬುದು ಅಲ್ಲಿ ಗೊತ್ತಾಗಬೇಕಿತ್ತು.

ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ ತೆನೆಯನ್ನು ಹುಲ್ಲಿನ ಸಮೇತ ಟಾರು ರಸ್ತೆಯ ಒಂದು ಮಗ್ಗುಲಿಗೆ ಹರವುತ್ತಾರೆ. ಬಸ್ಸು, ಲಾರಿ ಓಡಾಡಿ ಕಾಳು ಉದುರುತ್ತದೆ. ಆ ವರ್ಷ ಯಜಮಾನರು ಬೇಡ ಎಂದಿದ್ದರು. ಎಲ್ಲರೂ ಹಾಕಿದ್ದಾರೆ, ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ ಎಂದು ಹಟ ಹಿಡಿದವಳು ನಾನು. ಮಾರನೇ ಬೆಳಿಗ್ಗೆ ಅವರು ಹುಲ್ಲು ತಿರುವಿಹಾಕಲು ಹೋದರು. ಒಂದು ಬಸ್ಸು ಹುಲ್ಲಿನ ಮೇಲೆ ನಿಧಾನವಾಗಿ ಬರುತ್ತಿತ್ತು. ಹಿಂದಿದ್ದ ತೆಂಗಿನಕಾಯಿ ಟೆಂಪೋ ಅದನ್ನು ಓವರ್‌ಟೇಕ್ ಮಾಡಲು ಬಲಕ್ಕೆ ನುಗ್ಗಿತು. ಇವರು ಬಸ್ಸಿಗೆ ದಾರಿ ಬಿಟ್ಟು ಆ ಕಡೆಯ ಅಂಚಿನಲ್ಲಿ ನಿಂತಿದ್ದರು.

ಹುಲ್ಲಿನಿಂದ ಚಕ್ರ ಜಾರಿತು, ರಸ್ತೆಗೆ ರಾಗಿ ಹಾಕಿದವರದ್ದೇ ತಪ್ಪು ಎಂದು ಡ್ರೈವರ್ ಪರ ವಕೀಲರು ವಾದಿಸುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಅತ್ತೆ ಪಕ್ಕದಲ್ಲೇ ಕೂತಿರುತ್ತಿದ್ದರು. ಮನೆಯಲ್ಲಿ ಯಜಮಾನರ ಸುದ್ದಿಯನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ಅತ್ತೆಯ ಮನಸ್ಸಿನಲ್ಲಿ ನಾನೇ ತಪ್ಪಿತಸ್ಥೆ ಎಂದುಕೊಂಡಿದ್ದೆ.

ನ್ಯಾಯಾಧೀಶರು ತುಂಬ ಹೊತ್ತು ಓದಿದರು. ಅರ್ಧ ನನಗೆ ಅರ್ಥವಾಗಲಿಲ್ಲ. ಆಮೇಲೆ ತಲೆ ಎತ್ತಿ ಡ್ರೈವರನ್ನು ನೋಡಿದರು.

"ರಸ್ತೆಗೆ ಬೆಳೆ ಹಾಕೋದು ಸರಿಯಲ್ಲ. ಆದರೆ ಅದೇ ಹುಲ್ಲಿನ ಮೇಲೆ ಬಸ್ಸು ಜಾರಲಿಲ್ಲ. ನೀನು ನುಗ್ಗಿದ ಕಡೆ ಹುಲ್ಲೇ ಇರಲಿಲ್ಲ. ಶಿಕ್ಷೆ ಬಗ್ಗೆ ಏನಾದರೂ ಹೇಳೋದಿದೆಯಾ?"

ಅವನು ಕಟಕಟೆಯ ಮರ ಹಿಡಿದುಕೊಂಡಿದ್ದ. "ಜಾರಲಿಲ್ಲ ಸ್ವಾಮಿ. ಅರ್ಜೆಂಟಿತ್ತು, ನುಗ್ಗಿಸ್ದೆ. ಮನೇಲಿ ಮಕ್ಕಳವ್ರೆ, ಒಸಿ ಕಮ್ಮಿ ಮಾಡಿ."

ಒಂದು ವರ್ಷ ಜೈಲಾಯಿತು. ಅವನು ನಮ್ಮ ಕಡೆ ತಿರುಗಿ ಕೈ ಮುಗಿದ. ನನಗೆ ತಿರುಗಿ ಕೈ ಮುಗಿಯಲಾಗಲಿಲ್ಲ. ಆದರೆ ಜಾರಲಿಲ್ಲ ಎಂದನಲ್ಲ, ಅದನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ.

ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಅತ್ತೆ ಇಡ್ಲಿ ಹೇಳಿದರು.

"ತಿನ್ನೇ. ಅದನ್ನೇನು ನೋಡ್ತಾ ಕುಂತೆ, ಇಡ್ಲಿ ನಿನ್ನ ಮಾತಾಡುಸ್ತದಾ?"

"ರೋಡಿಗೆ ಹಾಕಾಣ ಅಂದೋಳು ನಾನಲ್ವಾ ಅತ್ತೆ," ಎಂದೆ.

ಅವರು ಲೋಟ ಕೆಳಗಿಟ್ಟರು. "ಮಲಗಿದ್ದೋನ್ನ ಎಬ್ಬಿಸಿ, ಮೊದ್ಲು ಹುಲ್ಲು ತಿರುವಿ ಬಾ ಹೋಗು ಅಂತ ಅಟ್ಟಿದೋಳು ನಾನು ಕಣೇ. ಅದುಕ್ಕೇ ನೀನು ನನ್ ಕುಟ್ಟೆ ಮಾತು ಬಿಟ್ಟಿದ್ದೀಯ ಅಂದ್ಕಂಡಿದ್ದೆ."

ನನಗದು ಗೊತ್ತೇ ಇರಲಿಲ್ಲ. ಆಗ ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಇಬ್ಬರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆವು. ಸಪ್ಲೈಯರ್ ಗಾಬರಿಯಾಗಿ, "ಚಟ್ನಿ ಖಾರ ಆಯ್ತಾ ಅಜ್ಜಿ?" ಎಂದ.

"ಹೂ ಕಣಪ್ಪ, ಒಸಿ ಖಾರ," ಎಂದರು ಅತ್ತೆ.

ವಾಪಸ್ಸು ಬರುವ ಬಸ್ಸಿನಲ್ಲಿ ಅವರೇ ಮಾತು ತೆಗೆದರು. "ಬಾಣಾವರಕ್ಕೆ ನಿನ್ನ ನೋಡಕೆ ಬಂದ ದಿನ ಅವನು ತಿಪಟೂರಿಂದ ರೈಲಲ್ಲಿ ಬಂದ್ನಲ್ಲ, ರೈಲು ಲೇಟು ಅಂದ್ನಲ್ಲ? ಎಲ್ಲಿ ಲೇಟು. ನಿದ್ದೆ ಹೊಡ್ಕಂಡು ಬಾಣಾವರ ದಾಟಿ ಕಡೂರಿಗೆ ಹೋಗಿದ್ದ. ಯಾರ್ಗೂ ಹೇಳ್ಬ್ಯಾಡ ಕಣವ್ವ ಅಂತ ನನ್ ಕೈ ಹಿಡ್ಕಂಡಿದ್ದ."

ಆವತ್ತು ಅವರಿಗಾಗಿ ಮೂರು ಸಲ ಉಪ್ಪಿಟ್ಟು ಬಿಸಿ ಮಾಡಿದವಳು ನಾನು. ಅಷ್ಟು ವರ್ಷ ಜೊತೆಗಿದ್ದರೂ ಅವರು ಈ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

"ಆಮೇಲೆ?" ಎಂದೆ. ಅತ್ತೆ ಕಾಲು ಮಡಿಸಿ ಸೀಟಿನ ಮೇಲೆ ಸರಿಯಾಗಿ ಕೂತುಕೊಂಡು ಹೇಳತೊಡಗಿದರು.