ಗಾಜಿನ ಮೇಲಿನ ಐದು ಚುಕ್ಕಿ

ನನ್ನ ಸೋದರತ್ತೆಯನ್ನು ಟ್ಯಾಕ್ಸಿ ಷೆಡ್ಡಿನಲ್ಲಿ ಎಲ್ಲರೂ ಬ್ರೇಕಕ್ಕ ಎನ್ನುತ್ತಾರೆ. ಬೇರೆ ಯಾರಾದರೂ ಗಾಡಿ ಓಡಿಸುವಾಗ ಪಕ್ಕದ ಸೀಟಿನಲ್ಲಿ ಕೂತರೆ ಅವಳ ಬಲಗಾಲು ತನ್ನಷ್ಟಕ್ಕೇ ನೆಲವನ್ನು ಒತ್ತುತ್ತದೆ. ಬಸ್ಸಿನಲ್ಲಿ ಕೂತರೂ ಅಷ್ಟೇ. ಒಮ್ಮೆ ಲಿಫ್ಟಿನಲ್ಲಿ ಇಳಿಯುವಾಗಲೂ ಒತ್ತಿದ್ದಳಂತೆ. ಲಿಫ್ಟು ನೆಲಮಹಡಿಯಲ್ಲಿ ಸರಿಯಾಗಿ ನಿಂತದ್ದು ತನ್ನಿಂದಲೇ ಇರಬಹುದು ಎಂಬ ಸಣ್ಣ ಅನುಮಾನ ಅವಳಿಗೆ ಇನ್ನೂ ಇದೆ.

ಇಪ್ಪತ್ತೆರಡು ವರ್ಷ ಅವಳು ಓಡಿಸಿದ್ದು ಒಂದೇ ಮಾದರಿಯ ಕಾರು. ಅದರ ಫ್ಯಾನಿನ ತಿರುಗಣೆಗೆ ಸೋಡಾ ಮುಚ್ಚಳದ ಹಾಗೆ ಹಲ್ಲುಗಳು, ರೇಡಿಯೋದ್ದು ನುಣುಪು, ಹಿಂದಿನ ಗಾಜಿನ ಮಂಜು ತೆಗೆಯುವ ಗುಂಡಿ ಒತ್ತಿದರೆ ಟಕ್ಕೆಂದು ಒಳಗೆ ಹೋಗುವಂಥದ್ದು. ಅತ್ತೆಯ ಎಡಗೈಗೆ ಇದೆಲ್ಲ ಬಾಯಿಪಾಠವಾಗಿತ್ತು. ಕಣ್ಣು ರಸ್ತೆಯ ಮೇಲೆ, ಮಾತು ಹಿಂದಿನ ಸೀಟಿನವರ ಜೊತೆ, ಕೈ ತನ್ನ ಪಾಡಿಗೆ ತಾನು. ಮೂವರೂ ಬೇರೆ ಬೇರೆ ಮನೆಯವರಂತೆ ಹೊಂದಿಕೊಂಡು ಬಾಳುತ್ತಿದ್ದರು.

ಹೋದ ವರ್ಷ ಷೆಡ್ಡಿನ ಯಜಮಾನರು ಮೂವತ್ತು ಕಾರುಗಳನ್ನೂ ಬದಲಾಯಿಸಲು ಹೊರಟರು. ಹೊಸ ಕಾರಿನಲ್ಲಿ ತಿರುಗಣೆ ಇಲ್ಲ, ಗುಂಡಿ ಇಲ್ಲ. ಮಧ್ಯದಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಗಾಜು, ಅದರೊಳಗೆ ಎಲ್ಲ. ಚಿತ್ರ ಹುಡುಕಿ ಬೆರಳಿಡಬೇಕು. ಓಡಿಸುವಾಗ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಣ್ಣು ರಸ್ತೆ ಬಿಟ್ಟರೆ ಅಪಾಯ ಎಂದು ಯಜಮಾನರು ಎಲ್ಲೋ ಓದಿದ್ದರು. ಅವರು ತುಂಬ ಹೆದರಿಕೆಯ ಮನುಷ್ಯ. ಹತ್ತು ವರ್ಷದಿಂದ ಸ್ವತಃ ಸ್ಟೇರಿಂಗ್ ಮುಟ್ಟಿದವರೂ ಅಲ್ಲ. ಷೆಡ್ಡಿನಿಂದ ಎರಡು ರಸ್ತೆ ಆಚೆ ಒಂದು ಪ್ರಯೋಗಶಾಲೆ ಇದೆ; ಚಾಲಕರ ಕಣ್ಣು ಕಾರಿನೊಳಗೆ ಎಲ್ಲೆಲ್ಲಿ ಓಡಾಡುತ್ತದೆ ಎಂದು ಅಲ್ಲಿ ಅಳೆಯುತ್ತಾರೆ. ಅವರಿಗೆ ಚಾಲಕರು ಬೇಕಿತ್ತು, ಇವರಿಗೆ ಅಳತೆ ಬೇಕಿತ್ತು. ಎಲ್ಲರೂ ಸರದಿಯಂತೆ ಹೋಗಿ ಅರ್ಧ ಗಂಟೆ ಓಡಿಸಿ ತಮ್ಮ ಹಾಳೆ ತರಬೇಕು ಎಂದಾಯಿತು. ಕಣ್ಣು ರಸ್ತೆ ತಪ್ಪಿದ್ದು ಐದು ಸಲಕ್ಕಿಂತ ಹೆಚ್ಚಿದ್ದರೆ ಹೊಸ ಕಾರು ಇಲ್ಲ, ಬಾಡಿಗೆ ಕರೆ ತೆಗೆದುಕೊಳ್ಳುವ ಫೋನ್ ಕೋಣೆಯಲ್ಲಿ ಕೆಲಸ.

ಫೋನ್ ಕೋಣೆಗೆ ಕಿಟಕಿ ಇಲ್ಲ. ಎರಡು ತಿರುಗು ಕುರ್ಚಿ ಇವೆ. ಅತ್ತೆ ಮನೆಗೆ ಬಂದು ಮಾವನಿಗೆ ಹೇಳಿದಳು: "ಆ ಕುರ್ಚಿ ತಿರುಗುತ್ತೆ, ಆದ್ರೆ ಎಲ್ಲಿಗೂ ಹೋಗಲ್ಲ."

ಪ್ರಯೋಗಶಾಲೆಯ ಸಂಶೋಧಕಿಗೆ ಚಾಲಕರು ಕಣ್ಣು ಮೇಡಂ ಎಂದು ಹೆಸರಿಟ್ಟಿದ್ದರು. ಮೂವತ್ತು ದಾಟದ ಹೆಂಗಸು. ಪೆನ್ಸಿಲನ್ನು ಜಡೆಗೆ ಸಿಕ್ಕಿಸಿಕೊಂಡು ಇಡೀ ಕೋಣೆಯಲ್ಲಿ ಪೆನ್ಸಿಲ್ ಹುಡುಕುತ್ತಿದ್ದವಳು. ಅಲ್ಲಿದ್ದದ್ದು ಅರ್ಧ ಕಾರು. ಮುಂದಿನ ಸೀಟುಗಳವರೆಗೆ ನಿಜವಾದ ಕಾರು, ಮಧ್ಯದಲ್ಲಿ ಹೊಸ ಕಾರಿನದೇ ಗಾಜು, ಆಮೇಲೆ ಗೋಡೆ. ಎದುರಿಗೆ ಮೂರು ದೊಡ್ಡ ಪರದೆಗಳಲ್ಲಿ ರಸ್ತೆ. ನಾಲ್ಕು ಸಣ್ಣ ಕ್ಯಾಮೆರಾಗಳು ಕಣ್ಣನ್ನೇ ದಿಟ್ಟಿಸುತ್ತಿದ್ದವು. ಅತ್ತೆ ಹತ್ತುವ ಮೊದಲು ಅಭ್ಯಾಸಬಲದಿಂದ ನಾಲ್ಕೂ ಚಕ್ರ ನೋಡಲು ಹೋಗಿ ಎರಡಕ್ಕೇ ನಿಂತಳು.

ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಪರದೆಯ ಮೇಲೆ ಒಬ್ಬ ಮುದುಕ ರಸ್ತೆ ದಾಟಲು ನಿಂತಿದ್ದ. ಅತ್ತೆ ಕಾರು ನಿಲ್ಲಿಸಿ, ದಾಟಿ ಎಂದು ಕೈಯಾಡಿಸಿದಳು. ಆತ ಮುಖವನ್ನೂ ತಿರುಗಿಸದೆ ಹೋದದ್ದಕ್ಕೆ ಅವಳಿಗೆ ಸ್ವಲ್ಪ ಬೇಜಾರಾಯಿತು. ಒಂದು ಲಾರಿ ತಪ್ಪು ಕಡೆಯಿಂದ ಮುಂದೆ ನುಗ್ಗಿತು. ನಾಲ್ಕು ಮಾತು ಅನ್ನೋಣವೆಂದು ಕಿಟಕಿಗೆ ತಿರುಗಿದರೆ ಆಚೆ ಬರೀ ಗೋಡೆ. ಬಾಯಿಗೆ ಬಂದದ್ದನ್ನು ನುಂಗಲಾಗದೆ ಗೋಡೆಗೇ ಅಂದಳು.

ಆಮೇಲೆ ಸ್ಪೀಕರಿನಿಂದ ಒಂದು ದನಿ, ಫ್ಯಾನನ್ನು ಮೂರಕ್ಕೆ ಇಡಲು ಹೇಳಿತು. ಅತ್ತೆಯ ಎಡಗೈ ಹೋಗಿ ಗಾಜಿನ ಮೇಲೆ ಕೂತು, ಅಪರಿಚಿತರ ಮನೆಗೆ ಬಂದವರ ಹಾಗೆ ಸುಮ್ಮನಾಯಿತು. ಎಲ್ಲಿ ಸವರಿದರೂ ಒಂದೇ ನುಣುಪು. ಕೊನೆಗೆ ಕಣ್ಣೇ ಹೋಗಿ ಕೈಯನ್ನು ಕರೆತರಬೇಕಾಯಿತು. ರೇಡಿಯೋ ಎರಡನೇ ಸ್ಟೇಷನ್ನಿಗೆ ಹಾಕುವಷ್ಟರಲ್ಲಿ ಕಾರು ರಸ್ತೆ ಬಿಟ್ಟು, ಪರದೆಯ ಮೇಲಿನ ಹೂವಿನಂಗಡಿಯೊಳಗೆ ಹೊಕ್ಕು ನಿಂತಿತು. ಅತ್ತೆ ಇಂಜಿನ್ ಆರಿಸಿ, ಕೆಳಗಿಳಿದು, ಮುಂದಿನ ಬಂಪರ್ ಸವರಿ ನೋಡಿದಳು.

"ಏನೂ ಆಗಿಲ್ಲ ಅಕ್ಕ, ಅದು ಬರೀ ಚಿತ್ರ," ಎಂದಳು ಕಣ್ಣು ಮೇಡಂ.

"ಚಿತ್ರ ಆದ್ರೂ ಆ ಹೂ ಮಾರೋಳಿಗೆ ಗಾಬರಿ ಆಗಿರತ್ತಲ್ಲಮ್ಮ."

ಲಾರಿಗೆ ಬೈದ ಹೊತ್ತನ್ನು ಕಣ್ಣು ಮೇಡಂ ಕರುಣೆಯಿಂದ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೂ ಹಾಳೆಯಲ್ಲಿ ಹದಿನಾಲ್ಕು ಎಂದು ಬಂತು. ಎಲ್ಲರಿಗೂ ಎರಡನೇ ಅವಕಾಶ ಇತ್ತು. ಅತ್ತೆಯದು ಮುಂದಿನ ಗುರುವಾರ.

ಮಾವ ಕೈಗಡಿಯಾರ ರಿಪೇರಿ ಮಾಡುವವರು. ಒಂದು ಸೆಕೆಂಡನ್ನು ಅವರಷ್ಟು ಗೌರವಿಸುವವರನ್ನು ನಾನು ನೋಡಿಲ್ಲ. ಅಡುಗೆಮನೆಯ ಸ್ಟೀಲ್ ತಟ್ಟೆಗೆ ಫ್ಯಾನು, ರೇಡಿಯೋ, ವೈಪರ್‌ಗಳ ಚಿತ್ರ ಬರೆದು ಅಂಟಿಸಿ, ಸ್ಟೂಲಿನ ಮೇಲೆ ನಿಲ್ಲಿಸಿ, ಅತ್ತೆಯ ಕೈಗೆ ಪಾತ್ರೆ ಮುಚ್ಚಳ ಕೊಟ್ಟು ಸ್ಟೇರಿಂಗ್ ಅಂದುಕೊ ಎಂದರು. ತಾವು ಎದುರಿಗೆ ಸ್ಟಾಪ್‌ವಾಚ್ ಹಿಡಿದು ನಿಂತು, ಒಮ್ಮೆ ಪಾದಚಾರಿಯಾಗಿ, ಒಮ್ಮೆ ಲಾರಿಯಾಗಿ ಆ ಕಡೆಯಿಂದ ಈ ಕಡೆಗೆ ದಾಟಿದರು. ಮೂರು ಸಂಜೆ ಹೀಗೇ ಆಯಿತು. ಅತ್ತೆ ಮಾವನನ್ನು ಹನ್ನೊಂದು ಸಲ ಗುದ್ದಿದಳು.

ಮಾವನ ತಾಯಿ, ನಾವೆಲ್ಲ ಅಜ್ಜಿ ಎನ್ನುವವರು, ಮಂಚದ ಮೇಲೆ ಕೂತು ಇದನ್ನೆಲ್ಲ ಕೇಳಿ ನಗುತ್ತಿದ್ದರು. ಕೇಳಿ ಎಂದೇ ಬರೆಯಬೇಕು, ಏಕೆಂದರೆ ಅವರಿಗೆ ಕಣ್ಣು ಮಬ್ಬು. ನಗುವಿನ ಗಲಾಟೆಯಲ್ಲಿ ಟಿವಿ ಕೇಳದೆ ಅವರು ರಿಮೋಟ್ ಎತ್ತಿ, ಮುಖವನ್ನೂ ಅತ್ತ ತಿರುಗಿಸದೆ, ಸದ್ದು ಜಾಸ್ತಿ ಮಾಡಿದರು. ಅತ್ತೆ ಮುಚ್ಚಳ ಕೆಳಗಿಟ್ಟು ರಿಮೋಟ್ ಇಸಿದುಕೊಂಡಳು. ಸದ್ದಿನ ಗುಂಡಿಯ ಮೇಲೆ ಉಗುರುಬಣ್ಣದ ಒಂದು ಹನಿ ಒಣಗಿ ಗಟ್ಟಿಯಾಗಿ ಉಬ್ಬಿ ನಿಂತಿತ್ತು, ಆರಿಸುವ ಗುಂಡಿಯ ಮೇಲೆ ಎರಡು. ಅಜ್ಜಿ ಯಾವ ಕಾಲದಲ್ಲೋ ಮಾಡಿಕೊಂಡಿದ್ದ ವ್ಯವಸ್ಥೆ. ಅತ್ತೆ ಕಣ್ಣು ಮುಚ್ಚಿ ಬೆರಳಾಡಿಸಿದಳು. ತೆರೆದಳು. ಮತ್ತೆ ಮುಚ್ಚಿದಳು. ಆಮೇಲೆ ಬಗ್ಗಿ ಅಜ್ಜಿಯ ನೆತ್ತಿಗೆ ಮುತ್ತು ಕೊಟ್ಟಳು.

"ಧಾರಾವಾಹಿ ಮುಗೀಲಿ ತಡಿ, ಆಮೇಲೆ ತಗೊಳ್ಳುವೆಯಂತೆ," ಎಂದರು ಅಜ್ಜಿ.

ಗುರುವಾರ ಅತ್ತೆಯ ಚೀಲದಲ್ಲಿ ಬಣ್ಣವಿಲ್ಲದ ಉಗುರುಬಣ್ಣದ ಶೀಶೆ ಇತ್ತು. ಹಿಂದಿನ ದಿನವಷ್ಟೇ ಕಣ್ಣು ಮೇಡಂ ಗಾಜಿನೊಳಗಿನ ಚಿತ್ರಗಳನ್ನೆಲ್ಲ ದೊಡ್ಡದು ಮಾಡಿದ್ದಳು. ಅದನ್ನು ಹೆಮ್ಮೆಯಿಂದ ತೋರಿಸಿ, ಪೆನ್ಸಿಲ್ ಹುಡುಕಲು ಆಚೆ ಹೋದಳು. ಪೆನ್ಸಿಲ್ ಜಡೆಯಲ್ಲೇ ಇದ್ದದ್ದರಿಂದ ತುಂಬ ಹೊತ್ತಾಯಿತು. ಅತ್ತೆ ಐದು ಜಾಗದಲ್ಲಿ ಐದು ಹನಿ ಇಟ್ಟು, ಕೆನ್ನೆಯುಬ್ಬಿಸಿ ಊದಿ ಊದಿ ಒಣಗಿಸಿದಳು. ಮೇಡಂ ಮರಳಿ ಬಂದು ಏನೋ ವಾಸನೆ ಎಂದಾಗ, ಹೊಸ ಕಾರಿನ ವಾಸನೆ ಇರಬೇಕು ಎಂದಳು. ಆ ಅರ್ಧ ಕಾರಿಗೆ ಎಂಟು ವರ್ಷ.

ಈ ಸಲ ಹಾಳೆಯಲ್ಲಿ ಬಂದದ್ದು ಎರಡೇ ಎರಡು. ಆ ಎರಡು ಸಲವೂ ಅವಳು ನೋಡಿದ್ದು ಹೂವಿನಂಗಡಿಯ ಕಡೆಗೆ, ಎಲ್ಲ ಸರಿಯಾಗಿದೆಯೇ ಎಂದು. ಇಳಿಯುವ ಮುಂಚೆ ಹನಿಗಳನ್ನು ಉಗುರಿನಿಂದ ಕೆರೆದು ತೆಗೆಯಬೇಕೆಂದು ಅವಳು ಲೆಕ್ಕ ಹಾಕಿದ್ದಳು. ಆದರೆ ಕಣ್ಣು ಮೇಡಂ ಖುಷಿಗೆ ಅವಳ ಎರಡೂ ಕೈ ಹಿಡಿದು, ಪ್ರಿಂಟರಿನವರೆಗೆ ದರದರ ಎಳೆದುಕೊಂಡು ಹೋದಳು. ಹಾಳೆ ಕೈಗೆ ಬಂದ ಮೇಲೆ ಅತ್ತೆಗೆ ಹನಿಯೂ ನೆನಪಿಲ್ಲ, ಶೀಶೆಯೂ ನೆನಪಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದಳು. ಅವಳಿಗೆ ಐವತ್ತೊಂದು ವರ್ಷ.

ಮುಂದಿನ ಸೋಮವಾರ ಕಳೆದು ಅದರಾಚೆಯ ಸೋಮವಾರ ಕೀ ಕೊಡುವುದು ಎಂದು ಯಜಮಾನರು ಗೊತ್ತು ಮಾಡಿದರು. ಅಷ್ಟರಲ್ಲಿ ಉಳಿದ ಚಾಲಕರೂ ಎರಡನೇ ಸಲ ಹೋಗಿ ಬಂದರು. ಮೊದಲು ಹನ್ನೆರಡು ತೆಗೆದಿದ್ದ ಮೀಸೆ ಡ್ರೈವರ್ ನಾಲ್ಕು ತಂದ. ಒಂಬತ್ತಿನವನು ಮೂರು ತಂದ. ಷೆಡ್ಡಿನಲ್ಲಿ ಎಲ್ಲರೂ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಓಡಾಡಿದರು. ಅತ್ತೆಯೂ ಸಿಕ್ಕ ಬೆನ್ನನ್ನೆಲ್ಲ ತಟ್ಟಿದಳು. ಏಕೆ ಹೀಗಾಯಿತು ಎಂದು ಒಮ್ಮೆಯೂ ಯೋಚಿಸಲಿಲ್ಲ.

ಕೀ ಕೊಡಲು ಐದು ದಿನ ಇರುವಾಗ, ಬುಧವಾರ, ಕಣ್ಣು ಮೇಡಂ ಫೋನ್ ಮಾಡಿದಳು. ದೊಡ್ಡ ಚಿತ್ರಗಳಿಂದ ಎಲ್ಲ ಬದಲಾಯಿತೆಂದು ಅವಳ ದನಿ ಕುಣಿಯುತ್ತಿತ್ತು. ಶುಕ್ರವಾರ ಕಾರು ತಯಾರಿಸುವವರು ಬರುತ್ತಾರೆ, ಈ ಅಂಕಿಗಳನ್ನು ನೋಡಿ ಇದೇ ಗಾಜನ್ನು ಖಾಯಂ ಮಾಡುತ್ತಾರೆ, ಇನ್ನು ಬರುವ ಯಾವ ಕಾರಿನಲ್ಲೂ ಒಂದು ಗುಂಡಿಯೂ ಇರುವುದಿಲ್ಲ ಎಂದಳು. "ನೀವೇ ಮೊದಲನೆಯವರು ಅಕ್ಕ. ನಿಮ್ಮ ಎರಡು ನೋಡಿದಾಗ್ಲೇ ನಂಗೆ ಗೊತ್ತಾಯ್ತು, ದಾರಿ ಸಿಕ್ತು ಅಂತ."

ಅತ್ತೆ ಫೋನಿಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆವತ್ತು ಕೆರೆದು ತೆಗೆಯದ ಹನಿಗಳು ಆಗ ನೆನಪಾದವು.

ಮನೆಯಲ್ಲಿ ಎಲ್ಲ ಹೇಳಿದಾಗ ಮಾವ ಕಣ್ಣಿನಿಂದ ಭೂತಗನ್ನಡಿ ತೆಗೆದಿಟ್ಟು, ಹೇಳಿದರೆ ಕುರ್ಚಿ, ಹೇಳದಿದ್ದರೆ ಕೀ ಎಂದು ಎರಡು ಬೆರಳು ಮಡಚಿದರು. ಮೂರನೆಯದು ಇದೆಯೇ ಎಂದು ತಮ್ಮ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದರು. ಅಜ್ಜಿ ಮಂಚದಿಂದ ಕೇಳಿದರು:

"ಆ ಗಾಜಿನ ಕಾರುಗಳು ಓಡೋದು ಬೇರೆ ರಸ್ತೇಲೋ, ನಮ್ಮ ರಸ್ತೇಲೋ?"

ಗುರುವಾರ ಬೆಳಿಗ್ಗೆ ಅತ್ತೆ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಏಳು ಥರ ಅಭ್ಯಾಸ ಮಾಡಿದ್ದಳಂತೆ. ಮೇಡಂ ಎದುರಿಗೆ ಬಂದಾಗ ಒಂದೂ ನೆನಪಾಗದೆ ಚೀಲದಿಂದ ಶೀಶೆ ತೆಗೆದು ಅವಳ ಕೈಯಲ್ಲಿಟ್ಟಳು.

"ನಾನು ಮೋಸ ಮಾಡ್ದೆ ಕಣಮ್ಮ. ಗಾಜಿನ ಮೇಲೆ ಇದನ್ನ ಹಚ್ಚಿದ್ದೀನಿ. ಐದು ಕಡೆ. ಒಂದ್ಸಲ ಸವರಿ ನೋಡು."

ಕಣ್ಣು ಮೇಡಂ ಅರ್ಧ ಕಾರಿಗೆ ಹತ್ತಿ, ಕಣ್ಣು ಮುಚ್ಚಿ, ಗಾಜಿನ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. ಇನ್ನೊಂದು ಕಡೆ ನಿಂತಿತು. ಐದನೆಯದು ಸಿಕ್ಕಾಗ ಅವಳು ಮೆಲ್ಲಗೆ ಕೆಳಗಿಳಿದು, ಚಾಲಕರು ಬರೆದುಕೊಟ್ಟಿದ್ದ ಅಭಿಪ್ರಾಯದ ಹಾಳೆಗಳನ್ನು ತಂದು ತಿರುವಿದಳು. ಒಬ್ಬ ಗಾಜು ಒರೆಸಿಲ್ಲ ಎಂದು ಬರೆದಿದ್ದ. ಇನ್ನೊಬ್ಬ ಏನೋ ಅಂಟಿದೆ ಎಂದು ಬರೆದಿದ್ದ. ಮೀಸೆ ಡ್ರೈವರ್ ಬರೆದದ್ದು ಹೀಗೆ: ಗಾಜಿನ ಮೇಲೆ ಜಾಮ್ ಬಿದ್ದಿರಬಹುದು, ಆದರೆ ಒಳ್ಳೆಯ ಜಾಗದಲ್ಲಿ ಬಿದ್ದಿದೆ.

ಮೇಡಂ ಇದನ್ನೆಲ್ಲ ಆಗಲೇ ಓದಿ, ಕಸ ಗುಡಿಸುವಾಕೆಗೆ ಗಾಜು ಚೆನ್ನಾಗಿ ಒರೆಸಲು ಹೇಳಿದ್ದಳು. ಆಕೆ ದಿನವೂ ಒರೆಸಿ ಹನಿಗಳಿಗೆ ಹೊಳಪು ಕೊಟ್ಟಿದ್ದಳು. ಕಣ್ಣು ಮೇಡಂ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತು ನಗತೊಡಗಿದಳು. ಒಂದು ವಾರದ ಅಂಕಿಯೆಲ್ಲ ಕೆಟ್ಟಿತು ಎಂದು ನೆನಪಾಗಿ ನಿಲ್ಲಿಸಿದಳು. ಜಾಮ್ ಎಂದು ಓದಿ ಮತ್ತೆ ಶುರು ಮಾಡಿದಳು. ಅತ್ತೆ ಮೊದಲು ಹೆದರಿ, ಆಮೇಲೆ ಪಕ್ಕದಲ್ಲಿ ಕೂತು, ಅಳುವುದೋ ನಗುವುದೋ ತಿಳಿಯದೆ ನಕ್ಕಳು. ಇಬ್ಬರೂ ಒರಗಿದ್ದು ಒಂದೇ ಚಕ್ರಕ್ಕೆ ಎಂದು ಅವಳೇ ಹೇಳಿದ್ದಾಳೆ.

ಆಮೇಲೆ ಕೆಲಸ. ಮೇಡಂ ಹನಿಗಳನ್ನು ಪೂರ್ತಿ ಅಳಿಸಿದಳು. ದೊಡ್ಡ ಚಿತ್ರಗಳಿದ್ದ ಬರೀ ಗಾಜಿನ ಮೇಲೆ ಅತ್ತೆ ಓಡಿಸಿದಾಗ ಹನ್ನೊಂದು ಬಂತು. ಮತ್ತೆ ಹನಿ ಇಟ್ಟು, ಇಬ್ಬರೂ ಸೇರಿ ಊದಿ ಒಣಗಿಸಿ ಓಡಿಸಿದಾಗ ಒಂದು. ಹೂವಿನಂಗಡಿಯ ಕಡೆ ಈ ಸಲ ಬೇಕೆಂದೇ ನೋಡಲಿಲ್ಲವಂತೆ, ಆ ಒಂದು ಏನೆಂದು ಅವಳಿಗೂ ಗೊತ್ತಿಲ್ಲ.

ಎರಡೂ ಹಾಳೆ ಹಿಡಿದು ಅವಳು ನೇರವಾಗಿ ಷೆಡ್ಡಿಗೆ ಹೋಗಿ ಯಜಮಾನರ ಮೇಜಿನ ಮೇಲಿಟ್ಟು, ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಅಷ್ಟರಲ್ಲಿ ಬಾಗಿಲ ಬಳಿ ಹತ್ತು ಹನ್ನೆರಡು ಚಾಲಕರು ಸೇರಿದ್ದರು. ತಮ್ಮ ನಾಲ್ಕು, ಮೂರುಗಳೂ ಹೋದವೆಂದು ಅವರಿಗೆ ಆಗ ತಿಳಿಯಿತು. ಯಜಮಾನರು ಹನ್ನೊಂದರ ಹಾಳೆಯನ್ನು ಮುಂದಕ್ಕೆ ತಳ್ಳಿ, ಕಂಪನಿಯಿಂದ ಬಂದ ಗಾಜೇ ಲೆಕ್ಕ, ಹಚ್ಚಿದ್ದಲ್ಲ ಎಂದರು.

"ನೀವು ಅಳೀತಾ ಇರೋದು ನನ್ನ ಕಣ್ಣನ್ನಾ, ಕಂಪನಿ ಗಾಜನ್ನಾ?" ಎಂದು ಕೇಳಿದಳು ಅತ್ತೆ. "ಒಂದ್ಸಲ ನೀವೇ ಬಂದು ಓಡಿಸಿ. ಎರಡು ಥರಾನೂ. ಆಮೇಲೆ ಆ ಕುರ್ಚೀಲಿ ಕೂತ್ಕೋ ಅಂದ್ರೆ ಕೂತ್ಕೋತೀನಿ."

ಬಾಗಿಲ ಬಳಿ ಅಷ್ಟು ಜನ ಇಲ್ಲದಿದ್ದರೆ ಯಜಮಾನರು ಹೋಗುತ್ತಿರಲಿಲ್ಲ. ಹೋದರು. ಹಿಂದೆ ಮೆರವಣಿಗೆಯಂತೆ ಚಾಲಕರೂ ಹೋದರು. ಬರೀ ಗಾಜಿನಲ್ಲಿ ಅವರಿಗೆ ಬಂದದ್ದು ಹತ್ತೊಂಬತ್ತು. ರಸ್ತೆ ದಾಟುವ ಮುದುಕ ಬದುಕಿದ್ದು ಬರೀ ಚಿತ್ರವಾಗಿದ್ದರಿಂದ. ಹನಿ ಇದ್ದಾಗ ಐದು, ಸರಿಯಾಗಿ ಐದು. ಅದನ್ನು ಅವರು ಮೂರು ಸಲ ಎಣಿಸಿದರು. ಕೆಳಗಿಳಿದು ಕುತ್ತಿಗೆ ಒರೆಸಿಕೊಂಡರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಅತ್ತೆ ಮಾತ್ರ ನೆಲ ನೋಡುತ್ತಿದ್ದಳು.

"ಅದನ್ನ ಹಚ್ಚಿದ್ರೆ ಗಾಜಿಗೇನೂ ಆಗಲ್ಲ ತಾನೇ?" ಎಂದರು ಕೊನೆಗೆ.

ಶುಕ್ರವಾರ ಬಂದ ಕಾರು ಕಂಪನಿಯವರಿಗೆ ಕಣ್ಣು ಮೇಡಂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ಗಾಜು ಸವರಿ, ಫೋಟೋ ತೆಗೆದುಕೊಂಡು ಹೋದರಂತೆ. ಮುಂದೇನು ಮಾಡುತ್ತಾರೋ ಇನ್ನೂ ಗೊತ್ತಿಲ್ಲ. ಹಳೆಯ ಅಂಕಿಗಳ ಹಾಳೆಗಳನ್ನು ಮೇಡಂ ಹರಿದು ಹಾಕಿ, ಎಲ್ಲ ಚಾಲಕರನ್ನೂ ಮತ್ತೆ ಮೊದಲಿನಿಂದ ಕರೆದಿದ್ದಾಳೆ.

ಹನಿ ಇಟ್ಟು ಬಂದ ಅಂಕಿಯೇ ಸಾಕೆಂದು ಯಜಮಾನರು ಒಪ್ಪಿದ್ದರು; ಸೋಮವಾರ ಷೆಡ್ಡಿನ ಅಂಗಳದಲ್ಲಿ ಮೂವತ್ತು ಹೊಸ ಕಾರು ಸಾಲಾಗಿ ನಿಂತಿದ್ದವು. ಅತ್ತೆ ಶೀಶೆ ಹಿಡಿದು ಒಂದೊಂದೇ ಕಾರಿಗೆ ಹತ್ತಿ ಇಳಿದಳು. ಹನಿ ಎಲ್ಲಿಡಬೇಕು ಎಂದು ಪ್ರತಿಯೊಬ್ಬನಿಗೂ ತನ್ನದೇ ಅಭಿಪ್ರಾಯ ಇತ್ತು. ಮೀಸೆ ಡ್ರೈವರ್ ರೇಡಿಯೋಗೆ ಇನ್ನೆರಡು ಬೇಕೆಂದು ಬೇಡಿದ, ಅವಳು ಕೊಡಲಿಲ್ಲ. ಮೂವತ್ತು ಗಂಡಾಳು ಹೆಣ್ಣಾಳು ಕಾರಿನೊಳಗೆ ಬಗ್ಗಿ ಗಾಜಿಗೆ ಉಫ್ ಉಫ್ ಎಂದು ಊದುವುದನ್ನು ರಸ್ತೆಯ ಜನ ನಿಂತು ನೋಡಿದರು.

ಹನ್ನೊಂದು ಗಂಟೆಗೆ ಅತ್ತೆಗೆ ಮೊದಲ ಬಾಡಿಗೆ ಸಿಕ್ಕಿತು. ಮಡಿಲಲ್ಲಿ ದೊಡ್ಡ ಕೇಕಿನ ಪೆಟ್ಟಿಗೆ ಇಟ್ಟುಕೊಂಡ ಒಬ್ಬ ಹೆಂಗಸು. ಎರಡು ತಿರುವು ದಾಟುವಷ್ಟರಲ್ಲಿ, ಕೆನೆ ಕರಗುತ್ತಿದೆ, ಸ್ವಲ್ಪ ತಂಪು ಮಾಡಿ ಎಂದಳು. ತಂಪು ಗಾಳಿ ಬಂತು. ಆಕೆ ಮುಂದಕ್ಕೆ ಬಾಗಿ, ಹಾಕಿದ್ದು ಯಾವಾಗ, ನೀವು ಆ ಕಡೆ ನೋಡಲೇ ಇಲ್ಲವಲ್ಲ ಎಂದು ಕೇಳಿದಳು.

ಅತ್ತೆಯ ಕಣ್ಣು ರಸ್ತೆಯ ಮೇಲೇ ಇತ್ತು. ಎದುರಿಗೆ ಒಬ್ಬ ಬಣ್ಣ ಬಳಿಯುವವನು ಹೆಗಲ ಮೇಲೆ ಏಣಿ ಹೊತ್ತು ರಸ್ತೆ ದಾಟುತ್ತಿದ್ದ. ಕಾರು ನಿಲ್ಲಿಸಿ, ದಾಟಿ ಎಂದು ಕೈಯಾಡಿಸಿ, ಏಣಿಯ ಈ ತುದಿಯಿಂದ ಆ ತುದಿಯವರೆಗೂ ಅವಳು ನೋಡುತ್ತಲೇ ಇದ್ದಳು. ಅದು ಬಹಳ ಉದ್ದದ ಏಣಿ.