ಮಾವನ ಬಂಗಾರದ ಕರಡಿಗೆ

ಬೆಳಿಗ್ಗೆ ಹೆಂಡತಿ ನನ್ನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ವಿಭೂತಿ ಹಚ್ಚಿ ತಿಕ್ಕುತ್ತಿದ್ದಳು. ಆ ಬೂದಿಯ ವಾಸನೆ ಮೂಗಿಗೆ ಬರುವುದಕ್ಕೂ, ರಿಸರ್ವ್ ಬ್ಯಾಂಕು ಬಡ್ಡಿದರ ಇಳಿಸಿತೆಂದು ಫೋನು ಕಿಣಿಗುಟ್ಟುವುದಕ್ಕೂ ಸರಿಹೋಯಿತು. ನಿವೃತ್ತಿಯ ಹೊಸ್ತಿಲಲ್ಲಿ ನಿಂತ ನಾನು ಎದೆ ಹಿಡಿದುಕೊಂಡೆ. ಹಿಂದೆಯೇ ನಗುವೂ ಬಂತು. ಬಸಣ್ಣ ಮಾವನ ಸುದ್ದಿ ಹೇಳದಿದ್ದರೆ ಈ ನಗು ನಿಮಗೆ ಅರ್ಥವಾಗುವುದಿಲ್ಲ.

ಮಾವ ನನ್ನ ಸೋದರತ್ತೆಯ ಗಂಡ, ಆದೋನಿಯ ಹತ್ತಿ ವ್ಯಾಪಾರಿ. ಬೆರಳಲ್ಲಿ ಎಳೆ ಎಳೆದು ನೋಡಿ ಹತ್ತಿಯ ದರ ಹೇಳುವವರು. ಪಿಂಚಣಿ ಎಂಬುದು ನನ್ನಂಥ ಮಾಸ್ತರರಿಗೆ ಬರುವ ಕಾಯಿಲೆ ಎಂದು ನಂಬಿದ್ದರು. ಅವರ ಲೆಕ್ಕ ಸರಳ. ಬಡ್ಡಿ ಇಳಿದರೆ ಜನ ಠೇವಣಿ ಬಿಟ್ಟು ಬಂಗಾರಕ್ಕೆ ಮುಗಿಬೀಳುತ್ತಾರೆ, ಬಂಗಾರ ಏರುತ್ತದೆ. ಆಗ ಮಾರಿ, ಅಂಗಡಿಗೆ ಬೀಗ ಜಡಿದು, ಅತ್ತೆಯ ಜೊತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂರುವುದು. ಹಂಗಾಮಿನಲ್ಲಿ ಗಂಡನ ಮುಖವನ್ನೇ ಕಾಣದ ಅತ್ತೆ, ಮದುವೆಯಾದಾಗಿನಿಂದ ಆ ದಿನಕ್ಕೇ ಕಾಯುತ್ತಿದ್ದರು.

ಇಷ್ಟೆಲ್ಲ ಬುದ್ಧಿಯಿದ್ದ ಮಾವ ಲಾಕರ್ ನಂಬಲಿಲ್ಲ. ಕಳ್ಳನೂ ಕೈ ಹಾಕಲು ಅಂಜುವ ಜಾಗ ಹುಡುಕಿ, ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆಯನ್ನೇ ಬಂಗಾರದ್ದು ಮಾಡಿಸಿದರು. ಲಾಭ ಬಂದ ಹಂಗಾಮಿಗೆಲ್ಲ ಅಕ್ಕಸಾಲಿಗ ಪತ್ತಾರ ಅದಕ್ಕೊಂದು ಪದರ, ಒಂದು ಕಮಲ ಕೂಡಿಸುತ್ತಿದ್ದ. ಭಾರಕ್ಕೆ ಮಾವನ ಕುತ್ತಿಗೆ ಬಾಗಿತು. ಊರವರು ಅದನ್ನು ಭಕ್ತಿ ಎಂದುಕೊಂಡರು.

ಕಡೆಗೂ ಬಡ್ಡಿ ಇಳಿಯಿತು, ಬಂಗಾರ ಏರಿತು. ಮಾವ ನನ್ನನ್ನು ಕರೆದುಕೊಂಡು ಪತ್ತಾರನ ಬಳಿ ಹೋದರು. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ವದ್ದು, ಬ್ಯಾಡ್ರಿ ಸಾವಕಾರ್ರ! ಕೂಡ್ಸು ಅಂದ್ರ ಕೂಡಿಸ್ತೀನ್ರಿ. ಲಿಂಗಪ್ಪನ್ನ ಹೊರಗ ಹಾಕಿ ಅವನ ಮನಿ ಕರಗ್ಸು ಅಂದ್ರ ನನ್ ಕೈಲೆ ಆಗಂಗಿಲ್ರಿ."

ಮತ್ತೊಂದು ಅಂಗಡಿಯವನು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟ. ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಬಡ್ಡಿ ಇಳೀತಂತ ದೇವ್ರನ್ನ ಮನಿ ಬಿಡಸ್ತೀರೇನು?"

ಮಾವ ಚಪ್ಪಲಿ ಬಿಡುತ್ತಾ, "ಇರ್ಲಿ ಬಿಡು, ದರಾ ಇನ್ನಾ ಏರ್ತೈತಿ" ಎಂದರು. ಮರುದಿನ ಮತ್ತೆ ಅಂಗಡಿ ತೆರೆಯಿತು. ಆಮೇಲೆ ಬಡ್ಡಿ ಎಷ್ಟೋ ಸಲ ಏರಿತು, ಇಳಿಯಿತು. ರಿಸರ್ವ್ ಬ್ಯಾಂಕಿನ ಸುದ್ದಿ ಬಂದಾಗಲೆಲ್ಲ ಮಾವ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಶಿವನಿಗೂ ಅದು ಯಾವ ಪೂಜೆಯೆಂದು ತಿಳಿಯಲಿಲ್ಲವೆಂದು ಕಾಣುತ್ತದೆ.

ಅವರು ಹೋದದ್ದೂ ಅಂಗಡಿಯಲ್ಲೇ, ಬೆರಳಲ್ಲಿ ಹತ್ತಿ ಹಿಡಿದುಕೊಂಡೇ. ಸಮಾಧಿಯಲ್ಲಿ ಕೂರಿಸಿದಾಗ ಅಯ್ಯನವರು ಪದ್ಧತಿಯಂತೆ ಲಿಂಗವನ್ನು ತೆಗೆದು ಮಾವನ ಅಂಗೈಯಲ್ಲಿಟ್ಟರು. ಬರಿದಾದ ಕರಡಿಗೆ ಅತ್ತೆಯ ಉಡಿಗೆ ಬಿತ್ತು. ನನಗೆ ದುಃಖದ ಜೊತೆ ಸಿಟ್ಟೂ ಬಂತು, ಏಕೆಂದರೆ ಬಡ್ಡಿ ಮತ್ತೆ ಇಳಿದು, ಬಂಗಾರ ಅವರು ಕಾದಿದ್ದಕ್ಕಿಂತಲೂ ಮೇಲಿತ್ತು.

ಮಾವನ ದಿನಕರ್ಮ ಮುಗಿದ ಮೇಲೆ ಅತ್ತೆ ಕಣ್ಣೊರೆಸಿಕೊಂಡು ನನ್ನನ್ನು ಕರೆದರು. "ಈಗ ಮನಿ ಖಾಲಿ ಐತಪಾ. ನಡಿ, ಮಾರೂನು." ಪತ್ತಾರ ಈ ಸಲ ಕೈ ಚಾಚಿ ತೆಗೆದುಕೊಂಡು ಕರಗಿಸಿದ.

ಬಂದ ಹಣವನ್ನು ಠೇವಣಿ ಇಡಲು ಹೋದಾಗ ಬ್ಯಾಂಕಿನ ಹುಡುಗಿಗೆ ಅತ್ತೆಯ ಮೇಲೆ ಕನಿಕರ. ಬಂಗಾರವನ್ನು ಏರಿಸಿದ ಬಡ್ಡಿಯ ಇಳಿಕೆಯೇ ಠೇವಣಿಯನ್ನು ಬಡವಾಗಿಸಿತ್ತಲ್ಲ! "ಬಡ್ಡಿ ಈಗ ಭಾಳ ಕಡಿಮಿ ಐತಮ್ಮಾ" ಎಂದಳು.

"ಇರ್ಲವ್ವಾ. ತಿಂಗಳಾ ತಿಂಗಳಾ ತಪ್ಪದ ಮನಿಗೆ ಬಂದ್ರ ಸಾಕು. ನಮ್ಮನಿಯವ್ರು ಅಷ್ಟೂ ಬರ್ಲಿಲ್ಲ."

ಈಗ ಹೆಂಡತಿ ತಿಕ್ಕಿ ಹೊಳೆಯುವ ನನ್ನ ಬೆಳ್ಳಿ ಕರಡಿಗೆ ತಂದು ಕೊಟ್ಟಳು. "ಬಂಗಾರದ್ದು ಮಾಡಿಸ್ತೀನಿ ಅಂತಿದ್ರಲ್ರಿ?"

"ಬ್ಯಾಡ. ಇವತ್ತು ರಜಾ ಹಾಕ್ತೀನಿ. ಬಾ, ಪಡಸಾಲ್ಯಾಗ ಕುಂದ್ರೂನು."

"ಬಡ್ಡಿ ಇಳಿದಿದ್ದಕ್ಕ ತಲಿ ಕೆಟ್ಟಿತೇನು?" ಎಂದಳು. ಆದರೂ ಬಂದು, ಕಾಲು ಚಾಚಿ ಕೂತಳು.