ಕಿಟಕಿಯ ಮೇಲಿನ ಲೋಟ

ನಾಳೆ ವಾರ್ಡಿನ ಚುನಾವಣೆ. ಜನಕಪುರಿಯಲ್ಲಿ ನಾನು ಇಳಿದುಕೊಂಡಿರುವ ಶಾರದಕ್ಕನ ಅಡುಗೆಮನೆಯಲ್ಲಿ ಬೆಳಿಗ್ಗೆಯೇ ಜಗಳ.

"ಕುಡುಕನಿಗೆ ನನ್ನ ವೋಟಿಲ್ಲ. ಇನ್ನೊಬ್ಬರನ್ನ ನೋಡಿ, ಪೂಜೆ ಮಾಡದೆ ನೀರೂ ಮುಟ್ಟಲ್ಲ," ಎಂದಳು ಅಕ್ಕ.

"ಚರಂಡಿ ರಿಪೇರಿ ಮಾಡ್ಸಿದ್ದು ಕುಡುಕನೇ ಕಣೆ. ನೀನೇನು ಅಳಿಯನ್ನ ಹುಡುಕ್ತಿದ್ದೀಯಾ?" ಭಾವ ನಕ್ಕರು.

"ಅಳಿಯ ಕೆಟ್ಟವನಾದ್ರೆ ಒಂದೇ ಮನೆ ಹಾಳು. ಇವನಿಂದ ಇಡೀ ವಾರ್ಡೇ!"

ಪಾತ್ರೆ ತೊಳೆಯುತ್ತಿದ್ದ ಸುನೀತಾ ಆ ಇಬ್ಬರು ಅಭ್ಯರ್ಥಿಗಳ ಮನೆಯಲ್ಲೂ ಕೆಲಸ ಮಾಡುತ್ತಾಳೆ. ಅವರು ಎಂಥವರೆಂದು ಅಕ್ಕ ಅವಳನ್ನೇ ಹಿಂದಿಯಲ್ಲಿ ಕೇಳಿದಳು.

"ದಿನಾ ಕುಡೀತಾರೆ ದೀದಿ. ಆದ್ರೆ ನಂಗೆ ಚಹಾ ಅವರ ಕಪ್ಪಲ್ಲೇ ಕೊಡ್ತಾರೆ. ಪೂಜೆಯವರ ಮನೇಲಿ ನನ್ನ ಲೋಟ ಬೇರೆ."

"ಅಚ್ಛಾ!" ಭಾವ ಗೆದ್ದವರಂತೆ ಕೂಗಿದರು. ಅಕ್ಕ ಕಿಟಕಿಯ ಕಡೆ ನೋಡಿದಳು. ಅಲ್ಲಿ ಸುನೀತಾಳಿಗೆಂದೇ ಇಟ್ಟ ಸ್ಟೀಲ್ ಲೋಟವಿತ್ತು, ಮನೆಯವರ ಲೋಟಗಳ ಜೊತೆ ಸೇರಿಹೋಗದಂತೆ ಉಗುರುಬಣ್ಣದ ಗುರುತು ಹಾಕಿದ್ದು. ಊರಿಗೆ ಮರಳುವಷ್ಟರಲ್ಲಿ ನನ್ನ ನೆನಪು ಈ ಗುರುತನ್ನು ಅಳಿಸಿಬಿಡಬಹುದು. ಈಗಲೇ ಬರೆದಿಡುತ್ತೇನೆ, ಬಣ್ಣ ಕೆಂಪು.

ಅಕ್ಕ ಚಹಾ ತಂದಳು, ಒಂದೇ ಬಗೆಯ ನಾಲ್ಕು ಹೂವಿನ ಕಪ್ಪುಗಳಲ್ಲಿ. ಸುನೀತಾ ತನ್ನದನ್ನು ಎರಡೂ ಕೈಯಲ್ಲಿ ಹಿಡಿದು ತುಂಟಿಯಂತೆ ಕೇಳಿದಳು: "ಈಗ ವೋಟು ಯಾರಿಗೆ ದೀದಿ?"

"ಆರಿಹೋಗುತ್ತೆ, ಮೊದಲು ಕುಡಿ," ಎಂದಳು ಅಕ್ಕ.